ದೆವ್ವ ಮಾತನಾಡುವ ಭಾಷೆ: ಭಯಾನಕ ಚಿತ್ರಗಳ ಕುರಿತು ಒಂದು ಭಿನ್ನಮತ

ಅತ್ಯಂತ ಭಯಾನಕವಾದ ಚಲನಚಿತ್ರ ಯಾವುದು ಎಂಬ ಪ್ರಶ್ನೆಗೆ ಜನಾಭಿಪ್ರಾಯವು ಬಹುಕಾಲದಿಂದ ಸಿದ್ಧ ಉತ್ತರಗಳನ್ನು ಇಟ್ಟುಕೊಂಡಿದೆ. ಜಗತ್ತಿನ ಚಿತ್ರಗಳ ಮಾತು ಬಂದರೆ 1973ರ ‘ದಿ ಎಕ್ಸಾರ್ಸಿಸ್ಟ್’. ಕನ್ನಡದ ಮಾತು ಬಂದರೆ ಹಿರಿಯರು 1979ರ ‘ನಾ ನಿನ್ನ ಬಿಡಲಾರೆ’ ಎನ್ನುತ್ತಾರೆ. ಅವರ ಮಕ್ಕಳು 2004ರ ‘ಆಪ್ತಮಿತ್ರ’ ಎನ್ನುತ್ತಾರೆ. ಕನ್ನಡ ಮತ್ತು ಮಲಯಾಳ ಚಿತ್ರಗಳೆರಡನ್ನೂ ಸಮಾನ ಪ್ರೀತಿಯಿಂದ ನೋಡುತ್ತ ಬಂದಿರುವ ಕಾಸರಗೋಡಿನ ನಮ್ಮಂಥವರ ನಡುವೆ ಇನ್ನೊಂದು ತೀರ್ಪೂ ಚಾಲ್ತಿಯಲ್ಲಿದೆ. ಅದೇನೆಂದರೆ, ‘ಆಪ್ತಮಿತ್ರ’ಕ್ಕೆ ಮೂಲವಾದ ಮಲಯಾಳದ ‘ಮಣಿಚಿತ್ರತ್ತಾಳ್’ ಉತ್ತಮ ಚಿತ್ರವೇ ಹೌದು, ಆದರೆ ಅದು ಹೆದರಿಸುವ ಚಿತ್ರವಲ್ಲ. ಅದರಲ್ಲಿ ದೆವ್ವವೇ ಇಲ್ಲ. ಹೆದರಬೇಕೆಂದರೆ ಕನ್ನಡದ್ದನ್ನೇ ನೋಡಬೇಕು. ಈ ತೀರ್ಪುಗಳಿಗೆಲ್ಲ ಒಂದೇ ಅಳತೆಗೋಲು ಆಧಾರವಾಗಿದೆ ಎಂದು ನಮಗೆ ತೋರುತ್ತದೆ. ಆ ಅಳತೆಗೋಲಿನ ಬಗೆಗೇ ನಮ್ಮ ತಕರಾರು.

ನೋಡುವವನು ಎಷ್ಟು ಸಲ ಬೆಚ್ಚಿಬಿದ್ದ, ಎಷ್ಟು ಸಲ ಕಣ್ಣು ಮುಚ್ಚಿಕೊಂಡ ಎಂಬ ಲೆಕ್ಕವೇ ಆ ಅಳತೆಗೋಲು. ನಮ್ಮ ಕಾವ್ಯಮೀಮಾಂಸೆಯ ಪರಂಪರೆ ಈ ವಿಷಯದಲ್ಲಿ ಬಹಳ ಹಿಂದೆಯೇ ಎಚ್ಚರ ವಹಿಸಿದೆ. ಭರತನ ನಾಟ್ಯಶಾಸ್ತ್ರದಲ್ಲಿ ಭಯಾನಕ ರಸಕ್ಕೆ ಸ್ಥಾಯಿ ಭಯ. ತಟ್ಟನೆ ಬೆಚ್ಚಿಬೀಳುವ ತ್ರಾಸವು ಬಂದುಹೋಗುವ ವ್ಯಭಿಚಾರಿಭಾವಗಳ ಪಟ್ಟಿಗೆ ಸೇರಿದ್ದು. ಅಸಹ್ಯದಿಂದ ಮುಖ ತಿರುಗಿಸುವುದು ಜುಗುಪ್ಸೆ. ಅದು ಬೀಭತ್ಸದ ಸ್ಥಾಯಿ. ಬೆಚ್ಚುವುದು, ಹೇಸುವುದು, ಹೆದರುವುದು ಹೀಗೆ ಮೂರು ಬೇರೆ ಬೇರೆ ಸಂಗತಿಗಳು. ಕತ್ತಲೆಯಲ್ಲಿ ಬಾಗಿಲು ದಡಾರೆಂದು ಬಡಿದರೆ ಯಾರೂ ಬೆಚ್ಚುತ್ತಾರೆ. ಬೆಕ್ಕೊಂದು ಜಿಗಿದದ್ದೆಂದು ತಿಳಿದೊಡನೆ ನಗುತ್ತಾರೆ. ಭಯವು ಹಾಗೆ ನಗುವಿನಲ್ಲಿ ಕರಗುವುದಿಲ್ಲ. ಚಿತ್ರ ಮುಗಿದು ಮನೆಗೆ ಬಂದು, ಊಟ ಮಾಡಿ, ದೀಪ ಆರಿಸಿದ ಮೇಲೂ ಅದು ಉಳಿದಿರುತ್ತದೆ. ಇನ್ನೊಂದು ಮಾತು. ಭಯಾನಕಕ್ಕೆ ಕಾರಣವಾಗುವ ವಿಭಾವಗಳನ್ನು ಎಣಿಸುವಾಗ ಭರತನು ಮೊದಲು ಹೆಸರಿಸುವುದು ವಿಕೃತವಾದ ಧ್ವನಿಯನ್ನು. ಭೂತದರ್ಶನ ಅನಂತರದ್ದು. ಶೂನ್ಯಗೃಹ, ಸ್ವಜನರ ವಧೆ ಮತ್ತು ಬಂಧನಗಳನ್ನು ಕಾಣುವುದು ಅಥವಾ ಕೇಳುವುದು, ಇವು ಆಮೇಲೆ ಬರುತ್ತವೆ. ಭಯವು ಕಣ್ಣಿಗಿಂತ ಮೊದಲು ಕಿವಿಯನ್ನು ಹೊಗುತ್ತದೆ ಎಂಬುದನ್ನು ಈ ಕ್ರಮವೇ ಸೂಚಿಸುತ್ತದೆ ಎಂದು ನಾವು ತಿಳಿಯುತ್ತೇವೆ.

ಈ ಅಳತೆಗೋಲನ್ನು ಹಿಡಿದು ‘ದಿ ಎಕ್ಸಾರ್ಸಿಸ್ಟ್’ ಚಿತ್ರವನ್ನು ನೋಡೋಣ. ವಿಲಿಯಂ ಪೀಟರ್ ಬ್ಲ್ಯಾಟಿಯವರ 1971ರ ಕಾದಂಬರಿಯನ್ನು ಆಧರಿಸಿ ವಿಲಿಯಂ ಫ್ರೀಡ್‌ಕಿನ್ ನಿರ್ದೇಶಿಸಿದ ಈ ಚಿತ್ರದ ಹೆಸರೆತ್ತಿದರೆ ಜನ ನೆನೆಯುವುದು ಬಾಲಕಿಯ ತಲೆ ಪೂರ್ತಿ ಹಿಂದಕ್ಕೆ ತಿರುಗುವ ದೃಶ್ಯವನ್ನು, ಆಕೆಯ ಹಸಿರು ವಾಂತಿಯನ್ನು. ಮೊದಲನೆಯದು ಅದ್ಭುತ, ಎರಡನೆಯದು ಬೀಭತ್ಸ. ಐದು ದಶಕಗಳ ಬಳಿಕ ಇಂದಿನ ಹುಡುಗರು ಆ ದೃಶ್ಯಗಳನ್ನು ನೋಡಿ ನಗುವುದುಂಟು, ಅವರನ್ನು ತಪ್ಪೆನ್ನಲಾಗದು. ಆದರೆ ಆ ಚಿತ್ರದಲ್ಲಿ ನಗಲಾಗದ ಭಾಗಗಳು ಬೇರೆ ಇವೆ. ಮಗಳಿಗೆ ಏನಾಗಿದೆಯೆಂದು ತಿಳಿಯದೆ ತಾಯಿ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುತ್ತಾಳೆ. ಬಾಲಕಿಯನ್ನು ಮೇಜಿನ ಮೇಲೆ ಮಲಗಿಸಿ, ಕುತ್ತಿಗೆಯ ರಕ್ತನಾಳಕ್ಕೆ ಸೂಜಿ ಚುಚ್ಚಿ, ಯಂತ್ರಗಳ ಸದ್ದಿನ ನಡುವೆ ಮೆದುಳಿನ ಚಿತ್ರ ತೆಗೆಯುತ್ತಾರೆ. ಅಲ್ಲಿ ಪಿಶಾಚಿಯ ಸುಳಿವೂ ಇಲ್ಲ. ಇರುವುದು ಬೆಳಕು ತುಂಬಿದ ಕೋಣೆ, ಬಿಳಿಯ ಉಡುಪು, ತಮ್ಮ ಕೆಲಸವನ್ನು ಬಲ್ಲ ವೈದ್ಯರು. ಆದರೂ ಮಕ್ಕಳಿರುವ ಯಾರಿಗೂ ಆ ದೃಶ್ಯವನ್ನು ನಿಶ್ಚಿಂತೆಯಿಂದ ನೋಡಲಾಗುವುದಿಲ್ಲ.

ಎರಡನೆಯದು ಧ್ವನಿ. ಬಾಲಕಿಯ ಪಾತ್ರ ವಹಿಸಿದವಳು ಲಿಂಡಾ ಬ್ಲೇರ್. ಪಿಶಾಚಿಯ ಮಾತುಗಳಿಗೆ ಕಂಠ ಕೊಟ್ಟವರು ಮರ್ಸಿಡಿಸ್ ಮೆಕ್‌ಕೇಂಬ್ರಿಜ್ ಎಂಬ ಅನುಭವಿ ನಟಿ. ಮಗುವಿನ ಬಾಯಿಂದ ಮಗುವಿನದಲ್ಲದ ಕಂಠ ಹೊರಡುವುದೇ ಚಿತ್ರದ ನಿಜವಾದ ಭಯ. ಆ ಮಾತುಗಳನ್ನು ಧ್ವನಿಸುರುಳಿಯಲ್ಲಿ ಹಿಡಿದು ಪರೀಕ್ಷಿಸಿದಾಗ ಅದು ಯಾವುದೋ ಅಜ್ಞಾತ ಭಾಷೆಯಲ್ಲ, ಹಿಂದುಮುಂದಾದ ಇಂಗ್ಲಿಷೇ ಎಂದು ತಿಳಿಯುತ್ತದೆ. ಅರಿಯದ ಭಾಷೆಯನ್ನು ಆಡುವುದು ಪಿಶಾಚಗ್ರಸ್ತರ ಲಕ್ಷಣಗಳಲ್ಲೊಂದೆಂದು ಕ್ಯಾಥೊಲಿಕ್ ಸಂಪ್ರದಾಯವೂ ಎಣಿಸುತ್ತದೆ. ಈ ಚಿತ್ರಕ್ಕೆ ಆಸ್ಕರ್ ಬಂದದ್ದು ಎರಡೇ ವಿಭಾಗಗಳಲ್ಲಿ, ಒಂದು ಚಿತ್ರಕಥೆಗೆ, ಇನ್ನೊಂದು ಶಬ್ದಗ್ರಹಣಕ್ಕೆ. ಜನಾಭಿಪ್ರಾಯವು ಕಣ್ಣಿಗೆ ಕಟ್ಟಿದ್ದನ್ನು ಕೊಂಡಾಡುತ್ತಿರುವಾಗ ಪ್ರಶಸ್ತಿ ಕೊಟ್ಟವರು ಕಿವಿಗೆ ಬಿದ್ದದ್ದನ್ನು ಗುರುತಿಸಿದ್ದರು. ‘ದಿ ಎಕ್ಸಾರ್ಸಿಸ್ಟ್’ ದೊಡ್ಡ ಚಿತ್ರವೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಅದನ್ನು ದೊಡ್ಡದೆನ್ನಲು ಸಾಮಾನ್ಯವಾಗಿ ಕೊಡುವ ಕಾರಣಗಳು ಸರಿಯಲ್ಲ ಎಂಬುದಷ್ಟೇ ನಮ್ಮ ಮಾತು.

‘ನಾ ನಿನ್ನ ಬಿಡಲಾರೆ’ ಚಿತ್ರದ ಕುರಿತೂ ಇದನ್ನೇ ಹೇಳಬಹುದು. ಸತ್ತ ಹೆಣ್ಣೊಬ್ಬಳ ಆತ್ಮವು ಗೃಹಸ್ಥನೊಬ್ಬನ ದೇಹವನ್ನು ಹೊಕ್ಕ ಕಥೆ ಅದು. ಅನಂತನಾಗ್ ಅವರ ಅಭಿನಯದಲ್ಲಿ ನೆನಪಿನಲ್ಲಿ ಉಳಿಯುವುದು ಕೆದರಿದ ಕೂದಲಲ್ಲ. ದನಿಯಲ್ಲಿ ಆಗುವ ಬದಲಾವಣೆ. ತನ್ನ ಗಂಡನನ್ನೇ ಎದುರಿಗೆ ನಿಲ್ಲಿಸಿಕೊಂಡು ಅವನನ್ನು ಹುಡುಕಬೇಕಾದ ಹೆಂಡತಿಯಾಗಿ ಲಕ್ಷ್ಮಿಯವರದೂ ಅಷ್ಟೇ ಸಂಯಮದ ಅಭಿನಯ. ಕೊನೆಗೆ ರಾಘವೇಂದ್ರ ಸ್ವಾಮಿಗಳ ಕೃಪೆಯಿಂದ ಸಂಕಟ ಪರಿಹಾರವಾಗುತ್ತದೆ. ಭಕ್ತರಾದ ನೋಡುಗರಿಗೆ ಅದರಿಂದ ದೊರೆಯುವ ಸಮಾಧಾನ ಸಣ್ಣದಲ್ಲ. ಆದರೆ ಸಮಾಧಾನವು ಪೂರ್ಣವಾದಷ್ಟೂ ಭಯವು ಚಿತ್ರಮಂದಿರದಲ್ಲೇ ಉಳಿದುಬಿಡುತ್ತದೆ. ನಮ್ಮ ಜೊತೆ ಮನೆಗೆ ಬರುವುದಿಲ್ಲ.

ಮನೆಗೆ ಬರುವ ಭಯಕ್ಕೆ ನಾವು ಕೊಡುವ ಉದಾಹರಣೆ, ದೆವ್ವವೇ ಇಲ್ಲವೆಂದು ಜನ ಪಕ್ಕಕ್ಕಿಟ್ಟ ‘ಮಣಿಚಿತ್ರತ್ತಾಳ್’. ಮಧು ಮುಟ್ಟಂ ಬರೆದು ಫಾಸಿಲ್ ನಿರ್ದೇಶಿಸಿದ ಈ ಚಿತ್ರ 1993ರಲ್ಲಿ ತೆರೆಗೆ ಬಂತು. ಶೋಭನಾ ಅವರಿಗೆ ಶ್ರೇಷ್ಠ ನಟಿಯೆಂಬ ರಾಷ್ಟ್ರಪ್ರಶಸ್ತಿ ತಂದಿತು. 2024ರ ಆಗಸ್ಟಿನಲ್ಲಿ ಹೊಸ ಮೆರುಗಿನೊಡನೆ ಮತ್ತೆ ಚಿತ್ರಮಂದಿರಗಳಿಗೆ ಬಂತು. ಕನ್ನಡಿಗರಾದ ನಮಗೆ ಇದರಲ್ಲಿ ನೇರ ಸಂಬಂಧವೂ ಇದೆ. ಶ್ರೀದೇವಿಯ ಪಾತ್ರದಲ್ಲಿ ವಿನಯಾ ಪ್ರಸಾದ್, ಮಹಾದೇವನ ಪಾತ್ರದಲ್ಲಿ ಶ್ರೀಧರ್ ಇದ್ದಾರೆ. ಕಲ್ಕತ್ತೆಯಿಂದ ಹೆಂಡತಿ ಗಂಗೆಯೊಡನೆ ಪೂರ್ವಿಕರ ಮನೆಗೆ ಬಂದ ಎಂಜಿನಿಯರ್ ನಕುಲನ್, ಬೀಗ ಹಾಕಿದ ತೆಕ್ಕಿನಿ, ಅಲ್ಲಿ ಹಿಂದೆ ಕಾರಣವರ ಕೈಯಲ್ಲಿ ಸತ್ತ ತಂಜಾವೂರಿನ ನರ್ತಕಿ ನಾಗವಲ್ಲಿಯ ಕಥೆ, ಗೆಳೆಯನ ಕರೆಗೆ ಬಂದ ಮನೋವೈದ್ಯ ಸಣ್ಣಿ: ಕಥೆಯನ್ನು ಇನ್ನೂ ವಿಸ್ತರಿಸಿ ಹೇಳುವ ಅಗತ್ಯ ನಮ್ಮ ಓದುಗರಿಗೆ ಇರಲಾರದು.

ಈ ಚಿತ್ರದ ಮೊದಲರ್ಧದಲ್ಲಿ ಹಾಸ್ಯವೇ ಹೆಚ್ಚು ಎಂಬುದು ಸಾಮಾನ್ಯ ಆಕ್ಷೇಪ. ಇನ್ನೊಸೆಂಟ್, ಕೆ.ಪಿ.ಎ.ಸಿ. ಲಲಿತಾ, ಕುದಿರವಟ್ಟಂ ಪಪ್ಪು ಇವರೆಲ್ಲ ನಗಿಸುತ್ತಾರೆ. ಹೆದರಿಕೆಗೆ ಎಡೆಯೆಲ್ಲಿ ಎಂದು ಕೇಳುತ್ತಾರೆ. ಆದರೆ ಆ ನಗು ಯಾರನ್ನು ಕಂಡು ಎಂಬುದನ್ನು ಗಮನಿಸಬೇಕು. ತಾಯಿತ ಕಟ್ಟಿಕೊಳ್ಳುವವರನ್ನು, ನೆರಳು ಕಂಡು ಓಡುವವರನ್ನು ನೋಡಿ ನಾವು ನಗುತ್ತೇವೆ. ಹಾಗೆ ನಗುತ್ತ ನಗುತ್ತ, ಹೆದರದ ಗಂಗೆಯ ಪಕ್ಷ ಸೇರುತ್ತೇವೆ. ಅವಳು ಓದಿದವಳು, ಕಥೆ ಕೇಳುವ ಆಸೆಯುಳ್ಳವಳು, ಬೀಗ ತೆರೆಸುವ ಧೈರ್ಯವಿದ್ದವಳು, ಅವಳು ನಮ್ಮವಳು. ಕೊನೆಗೆ ಬಾಗಿಲ ಹಿಂದೆ ಇದ್ದವಳು ಅವಳೇ ಎಂದಾದಾಗ ನಮಗೆ ಹಿಡಿದುಕೊಳ್ಳಲು ಏನೂ ಉಳಿಯುವುದಿಲ್ಲ. ಹಾಸ್ಯವು ಭಯಕ್ಕೆ ಅಡ್ಡಿಯಾಗಿಲ್ಲ. ಭಯವು ಬಂದು ಕೂರಲು ಅದೇ ಚಾಪೆ ಹಾಸಿಕೊಟ್ಟಿದೆ.

ಇನ್ನು ಶ್ರೀದೇವಿಯ ವಿಷಯ. ಜಾತಕದೋಷದ ಕಾರಣದಿಂದ ನಕುಲನ ಕೈಹಿಡಿಯುವ ಭಾಗ್ಯ ತಪ್ಪಿದವಳು, ಬಾಳಿನಲ್ಲಿ ನೊಂದವಳು. ಮನೆಯಲ್ಲಿ ಅನಾಹುತಗಳು ನಡೆಯತೊಡಗಿದಾಗ ಸಂಶಯವು ಅವಳ ಮೇಲೆ ಬೀಳುತ್ತದೆ. ಅವಳನ್ನು ಕೋಣೆಯಲ್ಲಿ ಕೂಡಿಹಾಕಲಾಗುತ್ತದೆ. ರೋಗಿಗೆ ಗೊತ್ತಾಗದಂತೆ ನಡೆಯಲು ವೈದ್ಯನು ಬೇಕೆಂದೇ ಹಾಗೆ ಮಾಡಿದನೆಂಬುದು ಆಮೇಲೆ ತಿಳಿಯುತ್ತದೆ. ಆದರೆ ಮೊದಲ ಸಲ ನೋಡುವಾಗ ನಾವು ಏನು ಮಾಡಿದೆವು? ಮನೆಯವರಷ್ಟೇ ಸುಲಭವಾಗಿ ನಂಬಿದೆವು. ಅದೃಷ್ಟಹೀನಳೆನಿಸಿದ ಹೆಣ್ಣೇ ಮನೆಯ ಕೇಡಿಗೆ ಕಾರಣವಿರಬೇಕೆಂಬ ನಂಬಿಕೆ ತೆರೆಯ ಮೇಲಿನವರದು ಮಾತ್ರವಾಗಿರಲಿಲ್ಲ. ವಿನಯಾ ಪ್ರಸಾದ್ ಅವರ ಮೌನ ಮುಖವನ್ನು ಎರಡನೆಯ ಸಲ ನೋಡುವಾಗ ಮನಸ್ಸಿಗೆ ಆಗುವ ಕಸಿವಿಸಿಗೆ ಭಯವೆಂದಲ್ಲದೆ ಬೇರೆ ಹೆಸರಿಲ್ಲ. ಗುಟ್ಟು ತಿಳಿದ ಮೇಲೆ ಭಯಾನಕ ಚಿತ್ರ ಸಪ್ಪೆಯಾಗುತ್ತದೆ ಎಂಬುದು ಲೋಕರೂಢಿಯ ಮಾತು. ಈ ಚಿತ್ರ ಅದನ್ನು ಸುಳ್ಳಾಗಿಸುತ್ತದೆ. ಗುಟ್ಟು ತಿಳಿದವನಿಗೆ ಗಂಗೆಯ ಒಂದೊಂದು ನಗುವೂ, ಒಂದೊಂದು ಸಾಮಾನ್ಯ ಮಾತೂ ಎರಡೆರಡಾಗಿ ಕೇಳಿಸತೊಡಗುತ್ತದೆ.

ಎಲ್ಲರೂ ನೆನೆಯುವ ದೃಶ್ಯಕ್ಕೆ ಬರೋಣ. ಅಲ್ಲಿಯೊಡನೆ ಒಡವೆ ಕೊಳ್ಳಲು ಹೊರಟ ಗಂಗೆಗೆ ನಕುಲನು ಹೋಗಬೇಡವೆನ್ನುತ್ತಾನೆ. ಅವಳು ಮೊದಲು ಹೆಂಡತಿಯಂತೆ ಕೇಳುತ್ತಾಳೆ. ಮತ್ತೆ ಕೇಳುತ್ತಾಳೆ. ಕೇಳುತ್ತ ಕೇಳುತ್ತ ಕಣ್ಣು ಬದಲಾಗುತ್ತದೆ, ಕಂಠ ಬದಲಾಗುತ್ತದೆ, ಮಲಯಾಳದ ಮಾತು ತಮಿಳಿಗೆ ಹೊರಳುತ್ತದೆ. ಕೈ ಭಾರವಾದ ಮಂಚವನ್ನು ಎತ್ತುತ್ತದೆ. ನಕುಲನು ಹೆಸರು ಹಿಡಿದು ಕೂಗಿದೊಡನೆ ಅವಳು ಮರಳಿ ಗಂಗೆಯಾಗುತ್ತಾಳೆ; ನಡೆದದ್ದು ಅವಳಿಗೆ ತಿಳಿಯದು. ಇಡೀ ದೃಶ್ಯದಲ್ಲಿ ರಕ್ತವಿಲ್ಲ, ವಿಕಾರ ವೇಷವಿಲ್ಲ, ಕತ್ತಲೆಯೂ ಇಲ್ಲ. ಗಂಗೆಗೆ ಭಾಗ್ಯಲಕ್ಷ್ಮಿಯವರ ಕಂಠ, ನಾಗವಲ್ಲಿಗೆ ದುರ್ಗಾ ಎಂಬ ತಮಿಳು ಕಲಾವಿದೆಯ ಕಂಠ. ಒಂದೇ ದೇಹಕ್ಕೆ ನಿಜವಾಗಿಯೇ ಇಬ್ಬರ ದನಿ. ಭರತನು ಮೊದಲು ಎಣಿಸಿದ ವಿಕೃತ ಧ್ವನಿಗೆ ಇದಕ್ಕಿಂತ ಉತ್ತಮ ನಿದರ್ಶನ ಭಾರತೀಯ ಚಿತ್ರಗಳಲ್ಲಿ ನಮಗೆ ಕಂಡಿಲ್ಲ. ಆದರೆ ಭಯದ ಮೂಲ ಧ್ವನಿಯ ಬದಲಾವಣೆಯಲ್ಲಿ ಮಾತ್ರವಿಲ್ಲ. ತಂದೆತಾಯಿ ದೂರದ ಊರಿನಲ್ಲಿರಲು ಅಜ್ಜಿಯ ಮಡಿಲಲ್ಲಿ ಬೆಳೆದು, ಅಲ್ಲಿಂದ ಬಲವಂತವಾಗಿ ಕಿತ್ತೊಯ್ಯಲ್ಪಟ್ಟ ಮಗು ಅವಳು. ಮದುವೆಯಾದ ಮೇಲೆ ಒಳ್ಳೆಯವನೇ ಆದ, ಆದರೆ ಕೆಲಸದಲ್ಲಿ ಮುಳುಗಿದ ಗಂಡ. ಅಷ್ಟು ವರ್ಷ ಅವಳ ಮಾತನ್ನು ಕೂತು ಕೇಳಿದವರಿಲ್ಲ. ಕೊನೆಗೆ ಅವಳು ಬೇರೆಯವಳಾಗಿ ಮಾತನಾಡಿದಾಗ ಮನೆಯೆಲ್ಲ ಕಿವಿಗೊಡುತ್ತದೆ. ಭಯವಿರುವುದು ಇಲ್ಲಿ.

‘ಆಪ್ತಮಿತ್ರ’ವನ್ನು ನಾವು ಕಡೆಗಣಿಸುತ್ತಿಲ್ಲ. ಪಿ. ವಾಸು ಅವರು ಚಿತ್ರವನ್ನು ಮೈಸೂರಿನ ಅರಮನೆಯ ಆವರಣಕ್ಕೆ ಒಗ್ಗಿಸಿದ ರೀತಿ, ಗುರುಕಿರಣ್ ಅವರ ಸಂಗೀತ, ವಿಷ್ಣುವರ್ಧನ್ ಅವರ ಸಹಜ ಗಾಂಭೀರ್ಯ ಇವೆಲ್ಲ ಜನಮನ ಗೆದ್ದದ್ದು ನ್ಯಾಯವೇ. ಚಿತ್ರ ತೆರೆಗೆ ಬರುವ ಮುನ್ನವೇ 2004ರ ಏಪ್ರಿಲ್‌ನಲ್ಲಿ ಸೌಂದರ್ಯ ಅವರು ವಿಮಾನ ದುರಂತದಲ್ಲಿ ತೀರಿಕೊಂಡರು. ಅವರ ಅಭಿನಯವನ್ನು ನಾಡು ಕಣ್ಣೀರಿನೊಡನೆ ನೋಡಿತು. ಆದರೆ ಭಯದ ದೃಷ್ಟಿಯಿಂದ ಎರಡು ಬದಲಾವಣೆಗಳು ಚಿತ್ರವನ್ನು ದುರ್ಬಲಗೊಳಿಸಿವೆ. ಒಂದು, ಮನೆಯೊಳಗೆ ಹರಿದಾಡುವ ದೊಡ್ಡ ಸರ್ಪ. ಅದು ಬೆಚ್ಚಿಸುತ್ತದೆ, ಗಂಗೆಯ ಮನಸ್ಸಿಗೂ ಅದಕ್ಕೂ ಸಂಬಂಧವಿಲ್ಲ. ಇನ್ನೊಂದು, ವೈದ್ಯನ ಪಾತ್ರಧಾರಿಯೇ ಕ್ರೂರ ರಾಜನ ವೇಷದಲ್ಲೂ ಬರುವುದು. ಆ ವೇಷಕ್ಕೆ ಚಿತ್ರಮಂದಿರದಲ್ಲಿ ಶಿಳ್ಳೆ ಬಿತ್ತು. ಶಿಳ್ಳೆ ಬಿದ್ದ ಕ್ಷಣದಲ್ಲೇ ನಮ್ಮ ಕಣ್ಣು ನೊಂದ ಹೆಣ್ಣಿನಿಂದ ನಾಯಕನ ಕಡೆಗೆ ತಿರುಗಿತು. ಮೂಲದಲ್ಲಿ ಕಥೆ ಗಂಗೆಯದು. ಇಲ್ಲಿ ಅದು ಆಪ್ತಮಿತ್ರನದು. ಹೆಸರಿನಲ್ಲಿಯೇ ಆ ಬದಲಾವಣೆ ಕಾಣುತ್ತದೆ.

ಗಡಿನಾಡಿನ ನಾವು ಇನ್ನೊಂದು ಸಂಗತಿಯನ್ನು ಗಮನಿಸದೆ ಇರಲಾರೆವು. ಈ ಕಥೆ ಭಾಷೆಯಿಂದ ಭಾಷೆಗೆ ಹೋದಂತೆ ದೆವ್ವದ ಭಾಷೆಯೂ ಬದಲಾಗಿದೆ. ಮಲಯಾಳದ ಮನೆಯಲ್ಲಿ ನಾಗವಲ್ಲಿ ತಮಿಳಿನವಳು. ಕನ್ನಡದ ಅರಮನೆಯಲ್ಲಿ ಅವಳು ತೆಲುಗಿನವಳು. 2005ರ ತಮಿಳು ‘ಚಂದ್ರಮುಖಿ’ಯಲ್ಲಿಯೂ ತೆಲುಗಿನವಳೇ. 2007ರ ಹಿಂದಿ ‘ಭೂಲ್ ಭುಲಯ್ಯಾ’ದಲ್ಲಿ ಬಂಗಾಳಿಯವಳು. ದೆವ್ವವು ಎಂದೂ ಮನೆಯ ಭಾಷೆಯನ್ನಾಡುವುದಿಲ್ಲ. ಬಹುದೂರದ ಭಾಷೆಯನ್ನೂ ಆಡುವುದಿಲ್ಲ. ಬೇಲಿಯಾಚೆಯ ಭಾಷೆಯನ್ನು ಆಡುತ್ತದೆ. ಇದಕ್ಕೆ ಕಲೆಯ ಕಾರಣವೊಂದಿದೆ. ಪೂರ್ತಿ ತಿಳಿಯದ ಮಾತು ಬರಿಯ ಸದ್ದು. ಪೂರ್ತಿ ತಿಳಿದ ಮಾತು ಪರಿಚಿತ. ಅರ್ಧ ತಿಳಿದ ಮಾತೇ ಬೆನ್ನುಹುರಿಯನ್ನು ತಣ್ಣಗಾಗಿಸುತ್ತದೆ. ಆದರೆ ಅದರೊಳಗೆ, ಚಿತ್ರ ಮಾಡಿದವರಿಗೂ ಅರಿವಿಲ್ಲದೆ, ನೆರೆಯವರ ನುಡಿ ನಮ್ಮ ಮನೆಯಲ್ಲಿ ಕೇಳಬಾರದ ನುಡಿಯೆಂಬ ಭಾವನೆಯೂ ಅಡಗಿ ಕುಳಿತಿದೆ. ಕನ್ನಡದ ನಾಗವಲ್ಲಿಯಾದ ಸೌಂದರ್ಯ ಕೋಲಾರ ಜಿಲ್ಲೆಯ ಮುಳಬಾಗಿಲು ಕಡೆಯ ಕನ್ನಡತಿ, ತೆಲುಗು ಚಿತ್ರರಂಗವು ತನ್ನವಳೆಂದು ಮೆರೆಸಿದ ನಟಿ. ಎರಡೂ ನುಡಿ ಅವರಲ್ಲಿ ಜಗಳವಿಲ್ಲದೆ ಬಾಳಿದ್ದವು. ತೆರೆಯ ಮೇಲೆ ಮಾತ್ರ ಒಂದು ನುಡಿ ಹೆಂಡತಿಯದಾಯಿತು, ಇನ್ನೊಂದು ದೆವ್ವದ್ದಾಯಿತು.

ನಮ್ಮ ಮನೆಗಳಲ್ಲಿ ಹಾಗಿಲ್ಲ. ಅಂಗಳದಲ್ಲಿ ತುಳು, ಅಂಗಡಿಯಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ಕೊಂಕಣಿ, ಮರಾಠಿ ಅಥವಾ ಬ್ಯಾರಿ. ತಾಯಿ ಒಂದು ವಾಕ್ಯವನ್ನು ಒಂದು ನುಡಿಯಲ್ಲಿ ಆರಂಭಿಸಿ ಇನ್ನೊಂದರಲ್ಲಿ ಮುಗಿಸಿದರೆ ಇಲ್ಲಿನ ಮಗು ಹೆದರುವುದಿಲ್ಲ; ಊಟಕ್ಕೆ ಕರೆದಳೆಂದು ತಿಳಿದು ಎದ್ದುಬರುತ್ತದೆ. ಭೂತದ ನೇಮದಲ್ಲಾಗಲಿ ತೆಯ್ಯದಲ್ಲಾಗಲಿ ಆವೇಶ ಬಂದಾಗ ಪಾತ್ರಿಯ ಕಂಠ ಬದಲಾಗುತ್ತದೆ, ನುಡಿಗಟ್ಟು ಬದಲಾಗುತ್ತದೆ. ಊರವರು ಓಡಿಹೋಗುವುದಿಲ್ಲ, ಕೈಮುಗಿದು ನಿಂತು, ಕಷ್ಟ ಹೇಳಿಕೊಂಡು, ಅಭಯದ ನುಡಿ ಪಡೆದು ಮರಳುತ್ತಾರೆ. ‘ಭೂತ’ವೆಂಬ ಪದವೇ ನಮ್ಮಲ್ಲಿ ನ್ಯಾಯ ಕೇಳುವ ಸ್ಥಾನದ ಹೆಸರು. ಬದಲಾದ ಧ್ವನಿ ತಾನಾಗಿಯೇ ಭಯಾನಕವಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಕೇಳುವವರಿದ್ದರೆ ಅದು ನುಡಿ, ಕೇಳುವವರಿಲ್ಲದಿದ್ದರೆ ದೆವ್ವ. ‘ಮಣಿಚಿತ್ರತ್ತಾಳ್’ ಚಿತ್ರದ ವೈದ್ಯನು ಗೆದ್ದದ್ದೂ ಇದೇ ದಾರಿಯಲ್ಲಿ. ಅವನು ನಾಗವಲ್ಲಿಯನ್ನು ಸುಳ್ಳೆಂದು ತಳ್ಳಲಿಲ್ಲ. ಅವಳಿಗೇನು ಬೇಕೆಂದು ಕೇಳಿದ. ಮಂತ್ರವಾದಿಯೂ ಅವನೊಡನೆ ಕೈಜೋಡಿಸಿದ. ದುರ್ಗಾಷ್ಟಮಿಯ ರಾತ್ರಿ ಅವಳಿಗೆ ಬೇಕಾದ ಸೇಡನ್ನು ಗೊಂಬೆಯ ಮೇಲೆ ತೀರಿಸಿಕೊಳ್ಳಲು ಬಿಟ್ಟ.

ಹಾಗೆಂದು ಆ ಚಿತ್ರ ನಿರ್ದೋಷವೆಂದು ನಾವು ಹೇಳುವುದಿಲ್ಲ. ಮನೋರೋಗವು ಒಂದು ರಾತ್ರಿಯ ನಾಟಕದಿಂದ ವಾಸಿಯಾಗುವುದಿಲ್ಲ. ಮನೋರೋಗಿಯೆಂದರೆ ಕೊಲ್ಲಲು ಬರುವವರೆಂಬ ಭಾವನೆಯನ್ನು ಇಂಥ ಚಿತ್ರಗಳು ಸಮಾಜದಲ್ಲಿ ಬೆಳೆಸಿವೆ. ಆ ಕಾರಣದಿಂದಲೇ ಎಷ್ಟೋ ಮನೆಗಳಲ್ಲಿ ನೊಂದವರನ್ನು ವೈದ್ಯರ ಬಳಿಗೆ ಕರೆದೊಯ್ಯುವ ಬದಲು ಒಳಕೋಣೆಯಲ್ಲಿ ಅಡಗಿಸಿಡುತ್ತಾರೆ. ಚಿತ್ರವು ತೆರೆಯ ಮೇಲೆ ತೆಗೆದ ಬೀಗವನ್ನು ಸಮಾಜವು ಮನೆಯಲ್ಲಿ ಮತ್ತೆ ಹಾಕಿಕೊಂಡಿದೆ. ಈ ಮಿತಿಯನ್ನು ಅರಿತುಕೊಂಡೇ ಚಿತ್ರವನ್ನು ನೋಡಬೇಕು. ಎಲ್ಲರೂ ಒಟ್ಟಾಗಿ ಕುಳಿತು ಬೆಚ್ಚಿ, ಕಿರುಚಿ, ನಗುವ ಸುಖವನ್ನೂ ನಾವು ತಳ್ಳಿಹಾಕುವುದಿಲ್ಲ. ಆ ಸುಖಕ್ಕೆ ಭಯವೆಂಬ ದೊಡ್ಡ ಹೆಸರು ಬೇಡ ಎನ್ನುತ್ತೇವೆ, ಅಷ್ಟೆ.

ಆದುದರಿಂದ ನಮ್ಮ ಸೂಚನೆ ಸರಳವಾದುದು. ಸಂಘದ ಕುಟುಂಬಗಳು ಬಿಡುವಿನ ದಿನ ‘ಆಪ್ತಮಿತ್ರ’ವನ್ನೂ ‘ಮಣಿಚಿತ್ರತ್ತಾಳ್’ ಚಿತ್ರವನ್ನೂ ಒಂದರ ಹಿಂದೊಂದು ನೋಡಲಿ. ಹಿರಿಯರು ಕಿರಿಯರಿಗೆ, ಕಿರಿಯರು ಹಿರಿಯರಿಗೆ ಮಾತುಗಳನ್ನು ಬಿಡಿಸಿ ಹೇಳಲಿ. ಮಂಚ ಎತ್ತುವ ದೃಶ್ಯ ಬಂದಾಗ ಒಂದು ಸಲ ಕಣ್ಣು ಮುಚ್ಚಿ ಬರಿಯ ಧ್ವನಿಯನ್ನು ಕೇಳಲಿ. ಕಚೇರಿಯೊಂದರ ಕಿಟಕಿಯೆದುರು ನಿಂತು ಕನ್ನಡದಲ್ಲಿ ಎರಡು ಮಾತಾಡಿದಾಗ ಎದುರಿಗಿದ್ದವರ ಮುಖ ಬದಲಾದುದನ್ನು ಕಂಡವರು ನಮ್ಮಲ್ಲಿ ಹಲವರಿದ್ದಾರೆ. ಗಂಗೆಯ ಮಾತು ತಮಿಳಿಗೆ ಹೊರಳಿದಾಗ ಸುತ್ತಲಿನವರು ನೋಡುವ ನೋಟ ಅವರಿಗೆ ಹೊಸದಲ್ಲ. ಹಾಗೆಯೇ ಅಜ್ಜಿಯ ಕನ್ನಡ ಮೊಮ್ಮಕ್ಕಳಿಗೆ ಅರ್ಧವಷ್ಟೇ ತಿಳಿಯುವ ಮನೆಗಳೂ ನಮ್ಮಲ್ಲಿ ಹೆಚ್ಚುತ್ತಿವೆ. ಒಂದು ಮೂಲೆಯಲ್ಲಿ ಕುಳಿತು ಆಕೆ ಏನೋ ಹೇಳುತ್ತಿರುತ್ತಾರೆ; ಸದ್ದು ಕೇಳಿಸುತ್ತದೆ, ಅರ್ಥವಾಗುವುದಿಲ್ಲ, ಏನೆಂದು ಕೇಳುವವರೂ ಇಲ್ಲ. ಅತ್ಯಂತ ಭಯಾನಕ ದೃಶ್ಯ ಯಾವುದೆಂದು ನಮ್ಮನ್ನು ಯಾರಾದರೂ ಕೇಳಿದರೆ ನಾವು ತೋರಿಸುವುದು ಆ ಮೂಲೆಯನ್ನು. ಅದಕ್ಕೆ ಮಂತ್ರವಾದಿ ಬೇಕಿಲ್ಲ, ಮನೋವೈದ್ಯನೂ ಬೇಕಿಲ್ಲ. ಹತ್ತಿರ ಹೋಗಿ ಕುಳಿತು, “ಏನು ಹೇಳಿದಿರಿ ಅಜ್ಜೀ?” ಎಂದು ಕೇಳಿದರೆ ಸಾಕು.